ಅಸ್ತು ದೇವತೆಗಳ ಬೇಸ್‌ಬಾಲ್

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಉಳಿದವರನ್ನು ಬೈಯಲು ಸಲೀಸು. ನಮ್ಮ ಗೆಳೆಯರನ್ನು ಕಲೆಹಾಕಿ, ಇಡೀ ಸೀಸನ್ನಿಗೆ ಬೇಸ್‌ಬಾಲ್ ಭವಿಷ್ಯ ಹೇಳುವ ಆಟ ಹೂಡಿದವನು ನಾನು. ಯಾರೂ ಕೇಳಿರಲಿಲ್ಲ. ಪ್ರತಿ ಶನಿವಾರ ಟೊರೊಂಟೊ ಪಕ್ಕದ ಮಿಲ್ಟನ್ನಿನ ಈರಪ್ಪ ಕಾಕಾನ ಬೇಸ್‌ಮೆಂಟಿನಲ್ಲಿ ಸೇರಿ, ಮಹಾದೇವಿ ಕಾಕು ಕಲಸಿಕೊಟ್ಟ ಗಿರ್ಮಿಟ್ಟು ತಿನ್ನುತ್ತ ಮ್ಯಾಚು ನೋಡಿಕೊಂಡು ಸುಖವಾಗಿದ್ದೆವು. ಆ ಸುಖ ನನಗೆ ತಡೆಯಲಾಗಲಿಲ್ಲ. ವಾರವಿಡೀ ವುಡ್‌ಬ್ರಿಡ್ಜಿನ ಟೈಲ್ಸ್ ಗೋಡೌನಿನಲ್ಲಿ ಯಜಮಾನ ಹೇಳಿದ್ದಕ್ಕೆಲ್ಲ ತಲೆಯಾಡಿಸುವವನಿಗೆ ಶನಿವಾರವಾದರೂ ನಾಲ್ಕು ಜನರ ಮೇಲೆ ಅಧಿಕಾರ ನಡೆಸುವ ಚಪಲ. ನಿಯಮ ಸರಳ: ಶುಕ್ರವಾರ ಸಂಜೆ ಎಲ್ಲರೂ ಗ್ರೂಪಿಗೆ ವಾಯ್ಸ್ ಮೆಸೇಜು ಹಾಕಿ, ಮರುದಿನ ಟೊರೊಂಟೊ ಗೆಲ್ಲುತ್ತದೋ ಸೋಲುತ್ತದೋ ಹೇಳಬೇಕು. ಸರಿಯಾದರೆ ಒಂದು ಪಾಯಿಂಟು. ಕೊನೆಗೆ ಮುಂದಿದ್ದವರಿಗೆ ಮುಂದಿನ ವರ್ಷವಿಡೀ ಕಾಕಾನ ಒರಗುಕುರ್ಚಿ. ಅದರ ಮೇಲೆ ಕಾಕು ಸಹ ಕೂತಿದ್ದನ್ನು ನಾನು ನೋಡಿಲ್ಲ.

ಮೊದಲ ವಾರ ಎಲ್ಲರೂ ಟೊರೊಂಟೊ ಎಂದರು. ಅಭಿಮಾನ ಎಂದುಕೊಂಡೆ. ಎರಡನೆಯ ವಾರವೂ ಹಾಗೇ. ಆಮೇಲೊಂದು ವಾರ ನಮ್ಮ ಮುಖ್ಯ ಪಿಚರನ ಭುಜ ಉಳುಕಿ ಆತ ಮನೆಯಲ್ಲಿ ಕೂತಿದ್ದ. ಎದುರಾಳಿಯ ಪಿಚರ್ ಎಸೆದ ಚೆಂಡು ಕಣ್ಣಿಗೇ ಕಾಣಿಸುತ್ತಿರಲಿಲ್ಲ. ಆಗಲೂ ಟೊರೊಂಟೊ. ನಾರ್ತ್ ಯಾರ್ಕಿನ ರಾವ್ ಡಾಕ್ಟರು ರಿಟೈರಾಗುವವರೆಗೂ ರೋಗಿಗಳ ಮುಖಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದವರು. ಅವರನ್ನೇ ಕೇಳಿದೆ. "ನೋಡಪ್ಪಾ, ಗೆಲ್ಲೋದು ಕಷ್ಟ ಅಂತ ನಂಗೂ ಗೊತ್ತು," ಎಂದರು ಮೈಸೂರಿನ ಮೆಲುದನಿಯಲ್ಲಿ, "ಆದ್ರೆ ಅದನ್ನ ಬಾಯಿಬಿಟ್ಟು ಯಾಕೆ ಹೇಳ್ಬೇಕು?"

ಬಿಡಿಸಿ ಹೇಳಿದ್ದು ಕಾಕಾ. "ಸಂಜೀಮುಂದ ಅಶುಭ ನುಡೀಬಾರದೋ ಪಮ್ಯಾ. ಮ್ಯಾಲೆ ಅಸ್ತು ದೇವತಿಗೋಳು ಅಡ್ಡಾಡ್ತಿರ್ತಾವು. ನೀ ಸೋಲ್ತಾರ ಅಂದ್ರ, ಅವು ಅಸ್ತು ಅಂತಾವು. ಮುಗೀತಲ್ಲ."

ನನಗೆ ಮೈಯೆಲ್ಲ ಉರಿಯಿತು. ಧಾರವಾಡದ ಸಂಜೆಯಲ್ಲಿ ತಿರುಗಾಡುವ ದೇವತೆಗಳು ಹೈವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮಿಲ್ಟನ್ನಿನವರೆಗೆ ಬರುತ್ತವೆಯೆ? ಬಾಸ್ಟನ್ನಿನಲ್ಲೂ ಕನ್ನಡದವರಿದ್ದಾರೆ, ಅವರೂ ತಮ್ಮ ತಂಡವೇ ಗೆಲ್ಲುತ್ತದೆ ಎನ್ನುತ್ತಾರೆ. ದೇವತೆಗಳು ಯಾರಿಗೆ ಅಸ್ತು ಎನ್ನಬೇಕು? ಕೂಗಿಯೇ ಕೇಳಿದೆ. ಉತ್ತರವಾಗಿ ಕಾಕು ನನ್ನ ತಟ್ಟೆಗೆ ಇನ್ನಷ್ಟು ಗಿರ್ಮಿಟ್ಟು ಸುರಿದರು. ಎಲ್ಲರೂ ಒಂದೇ ಹೇಳಿದರೆ ಎಲ್ಲರಿಗೂ ಒಂದೇ ಅಂಕ. ಇದು ಆಟವಲ್ಲ, ಭಜನೆ. ನಾನು ಆಟದ ಸಂಘಟಕನಲ್ಲ, ತಾಳ ಹಾಕುವವನು.

ಆ ಸಿಟ್ಟಿನಲ್ಲೇ ಮುಂದಿನ ಶುಕ್ರವಾರ ಗಂಟಲು ಸರಿಮಾಡಿಕೊಂಡು, "ನಾಳೆ ಟೊರೊಂಟೊ ಸೋಲುತ್ತೆ" ಎಂದು ಹಾಕಿದೆ. ಸೋತಿತು. ಮತ್ತೊಮ್ಮೆ ಹೇಳಿದೆ. ಮತ್ತೆ ಸೋತಿತು. ಪಾಯಿಂಟಿನಲ್ಲಿ ನಾನೇ ಮುಂದೆ. ಆದರೆ ನನ್ನ ಪಾಯಿಂಟಿನ ಸುದ್ದಿ ಯಾರೂ ಎತ್ತಲಿಲ್ಲ. ಎಲ್ಲರೂ ನನ್ನ ನಾಲಿಗೆಯ ಸುದ್ದಿ ಎತ್ತಿದರು. ರಾವ್ ಡಾಕ್ಟರು ಔಷಧಿ ಬರೆದುಕೊಡುವ ಶೈಲಿಯಲ್ಲಿ, "ಸ್ವಲ್ಪ ದಿವಸ ನೀನು ಮನೇಲೇ ಮ್ಯಾಚ್ ನೋಡಪ್ಪಾ" ಎಂದುಬಿಟ್ಟರು. ನೋಡಿದೆ. ಒಬ್ಬನೇ, ಫೋನಿನಲ್ಲಿ, ಫ್ರೀಜರಿನ ಸಮೋಸಾ ಬಿಸಿಮಾಡಿಕೊಂಡು. ಶನಿವಾರಗಳಂದು ಎಲ್ಲರನ್ನೂ ನಗಿಸುತ್ತಿದ್ದ ಹಾಗೆ, ಸಿಟ್ಟು ತೀರಿಸಿಕೊಳ್ಳಲು ಡಾಕ್ಟರ ದನಿ ತೆಗೆದೆ, ಕಾಕಾ ಕೆಮ್ಮುವುದನ್ನು ಕೆಮ್ಮಿದೆ. ಅದು ಯಾರ ಕೆಮ್ಮು ಎಂದು ಗುರುತಿಸಿ ನಗುವವರು ವುಡ್‌ಬ್ರಿಡ್ಜಿನಲ್ಲಿ ಒಬ್ಬರೂ ಇಲ್ಲ. ಮಿಮಿಕ್ರಿ ಮಾಡುವವನಿಗೆ ಅದಕ್ಕಿಂತ ದೊಡ್ಡ ಬಹಿಷ್ಕಾರ ಇನ್ನೊಂದಿಲ್ಲ.

ಕೊನೆಯ ಮ್ಯಾಚು ಬಂತು. ಗೆದ್ದರೆ ಟೊರೊಂಟೊ ಮುಂದಿನ ಸುತ್ತಿಗೆ, ಸೋತರೆ ಮನೆಗೆ. ಹಿಂದಿನ ಸಂಜೆ ಕಾಕಾ ಫೋನು ಮಾಡಿದರು. "ಪಮ್ಯಾ, ಗೆಲ್ತಾರ ಅಂತ ಒಂದ್ ಮಾತ್ ಹೇಳಿ ಬಂದ್ಬಿಡಪಾ. ಮಿರ್ಚಿನೂ ಮಾಡಾಕತ್ತಾಳ ನಿಮ್ಮ ಕಾಕು." ಹಲ್ಲು ಕಡಿದೆ. ಆದರೆ ಮಿರ್ಚಿ ಕಡಿಯುವ ಆಸೆಯೂ ಇತ್ತು. ಅದಕ್ಕೇ ಒಂದು ಉಪಾಯ ಹೂಡಿ, ಕಾಕಾನದೇ ದನಿಯಲ್ಲಿ, ನಡುವೆ ಅವರದೇ ಕೆಮ್ಮು ಸೇರಿಸಿ, ಗ್ರೂಪಿಗೆ ಹಾಕಿದೆ: "ನಮ್ಮ ಹುಡುಗೂರು ನಾಳೆ ಹೊಡದ ಹಾಕ್ತಾರ ನೋಡ್ರಿ." ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮತ್ತೆ ಬೇಸ್‌ಮೆಂಟಿನಲ್ಲಿ ಜಾಗ ಸಿಕ್ಕಿತು, ಮೆಟ್ಟಿಲ ಕೆಳಗೆ.

ಟೊರೊಂಟೊ ಸೋತಿತು. ಕೈಗೆ ಬಂದ ಕ್ಯಾಚನ್ನು ಒಬ್ಬ ಮಹಾನುಭಾವ ನೆಲಕ್ಕೆ ಬಿಟ್ಟ. ನಾನು ತಟ್ಟೆ ಹಿಡಿದೇ ಎದ್ದು ನಿಂತೆ. ಇಡೀ ಸೀಸನ್ನಿನ ಸಿಟ್ಟು ಒಟ್ಟಿಗೇ ಬಂತು. "ನೋಡಿದ್ರಾ? ಈ ಸಲ ನಾನು ಗೆಲ್ತಾರೆ ಅಂತಾನೇ ಹೇಳಿದ್ದೆ. ಸೋತ್ರು. ನನ್ನ ಬಾಯಿಗೆ ಯಾವ ಶಕ್ತಿಯೂ ಇಲ್ಲ, ಇನ್ನಾದ್ರೂ ಒಪ್ಕೊಳ್ಳಿ. ಪಾಯಿಂಟಲ್ಲಿ ಈಗ್ಲೂ ನಾನೇ ಮುಂದೆ. ಕಾಕಾ, ಏಳಿ, ಕುರ್ಚಿ ನಂದು."

ಕಾಕಾ ಪಾಪ, ನಿಜವಾಗಿಯೂ ಏಳತೊಡಗಿದರು. ಕಾಕು ನನ್ನ ಕೈಯಿಂದ ತಟ್ಟೆ ಕಸಿದುಕೊಂಡರು.

"ನೀವು ಕುಂದರ್ರಿ," ಎಂದರು ಗಂಡನಿಗೆ. ಆಮೇಲೆ ನನ್ನ ಕಡೆ ತಿರುಗಿದರು. "ಗೆಲ್ತಾರ ಅನ್ನೂದು ಇವರ ದನ್ಯಾಗ ಹೇಳಿದಿ, ಸೋಲ್ತಾರ ಅನ್ನೂದು ನಿನ್ನ ದನ್ಯಾಗ ಹೇಳಿದಿ. ನಿನ್ನ ಖರೇ ದನಿ ಯಾವ್ದು ಅಂತ ದೇವತಿಗೋಳಿಗೆ ತಿಳಿಯಂಗಿಲ್ಲೇನೋ?"