ಐವತ್ತನಾಲ್ಕು ಹಲಗೆಗಳ ಸೇತುವೆ

ದಿವಂಗತ ರಾಷ್ಟ್ರನಾಯಕರ ಸ್ಮರಣಾರ್ಥ ಕಾಲುವೆಯ ಮೇಲೆ ಕಟ್ಟಲಾಗಿರುವ ಮರದ ಸೇತುವೆಯಲ್ಲಿ ಐವತ್ತನಾಲ್ಕು ಹಲಗೆಗಳಿವೆ. ಏಳು ಅಂಕಣ, ಅಂಕಣಕ್ಕೆ ಎಂಟು ಹಲಗೆ, ಒಟ್ಟು ಐವತ್ತನಾಲ್ಕು. ಈ ವಿಷಯದಲ್ಲಿ ಸರ್ಕಾರಕ್ಕೆ ಯಾವ ಅನುಮಾನವೂ ಇಲ್ಲ. ಅನುಮಾನ ಇದ್ದದ್ದು ಸೇತುವೆ ಕಟ್ಟಿದ ಬಡಗಿಯೊಬ್ಬನಿಗೇ. ಅದನ್ನೂ ಕಾಲಕ್ರಮದಲ್ಲಿ ನಿವಾರಿಸಲಾಯಿತು.

ನಾಯಕರು ನಾಯಕರಾಗುವ ಮೊದಲು ವಿಜ್ಞಾನಿಯಾಗಿದ್ದರು. ಕಾಲುವೆ ದಂಡೆಯ ಪ್ರಯೋಗಾಲಯದಲ್ಲಿ ಕೂತು ಹದಿನೆಂಟು ವರ್ಷ ನೀರಿನ ಹರಿವನ್ನು ಅಳೆದವರು. ಅವರಿಗೆ ಬೇಕಾದ ಮರದ ಮಾದರಿಗಳನ್ನೆಲ್ಲ ಮಾಡಿಕೊಡುತ್ತಿದ್ದವನು ಈ ಬಡಗಿಯೇ. ದೊಡ್ಡ ದೊಡ್ಡ ಸಮೀಕರಣಗಳು ಅವರಿಗೆ ನೀರು ಕುಡಿದಷ್ಟು ಸುಲಭ, ಮಗ್ಗಿ ಮಾತ್ರ ಆಗಾಗ ಕೈಕೊಡುತ್ತಿತ್ತು. ಹಾಗಾಗಿ ಚೀಟಿಯಲ್ಲಿ ಅಳತೆ ಬರೆದು, "ತಪ್ಪಿದ್ರೆ ಹೇಳಪ್ಪಾ, ಸಂಕೋಚ ಬೇಡ" ಎನ್ನುತ್ತಿದ್ದರು. ಬಡಗಿ ತಪ್ಪು ಹಿಡಿದ ದಿನ ಹೊಟ್ಟೆ ಹಿಡಿದುಕೊಂಡು ನಕ್ಕು, "ಇವತ್ತು ನಂಗೆ ಚೆನ್ನಾಗಿ ಪಾಠ ಆಯ್ತು" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅಂಥ ಮನುಷ್ಯನನ್ನು ಬಡಗಿ ಮತ್ತೆಲ್ಲೂ ಕಂಡಿರಲಿಲ್ಲ. ಅವರು ತೀರಿಕೊಂಡಾಗ ಮೂರು ದಿನ ಉಳಿ ಮುಟ್ಟಲಿಲ್ಲ.

ತೀರಿಕೊಂಡ ಮೇಲೆ ನಾಯಕರಿಗೆ ಕೆಲಸ ಜಾಸ್ತಿಯಾಯಿತು. ನಾಯಕರ ಪರಂಪರೆ ಸಂರಕ್ಷಣಾ ಕಚೇರಿ ಅಸ್ತಿತ್ವಕ್ಕೆ ಬಂತು. ಅವರ ಹಲ್ಲುಜ್ಜುವ ಬ್ರಷ್ಷಿಗೆ ಗಾಜಿನ ಪೆಟ್ಟಿಗೆ, ಕುರ್ಚಿಗೊಬ್ಬ ಕಾವಲುಗಾರ, ಕಾವಲುಗಾರನಿಗೊಂದು ಕುರ್ಚಿ ಮಂಜೂರಾದವು. ಮೇಜಿನ ಖಾನೆಯಲ್ಲಿ ಅವರ ಕೊನೆಯ ಚೀಟಿಯೂ ಸಿಕ್ಕಿತು. ಆಸ್ಪತ್ರೆ ಇರುವ ದಂಡೆಗೆ ಜನ ಸುಲಭವಾಗಿ ದಾಟಲೆಂದು ಬರೆದ ಸೇತುವೆಯ ನಕ್ಷೆ. ಕೆಳಗೆ, "ಅಂಕಣ 7, ಹಲಗೆ 8, ಒಟ್ಟು 54. ಬಡಗಿಗೆ ತೋರಿಸುವುದು."

ಕಚೇರಿ ಬಡಗಿಯನ್ನು ಕರೆಸಿ ಚೀಟಿ ತೋರಿಸಿತು. "ತೋರಿಸಲಾಗಿದೆ" ಎಂದು ಕಡತದಲ್ಲಿ ನಮೂದಿಸಿ ಅವನು ಓದಿ ಮುಗಿಸುವ ಮೊದಲೇ ಅವನಿಂದ ಸಹಿ ಹಾಕಿಸಿಕೊಂಡಿತು. ನಾಯಕರ ಕೊನೆಯಾಸೆ ಅಲ್ಲಿಗೆ ಈಡೇರಿತು.

ಬಡಗಿಗೆ ಆ ಸೇತುವೆ ಬೇಕೇ ಬೇಕಿತ್ತು. ಅವನ ಅಮ್ಮನ ಕಾಲಿನ ಹುಣ್ಣಿಗೆ ವಾರಕ್ಕೆರಡು ಸಲ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಬೇಕು. ಸುತ್ತು ದಾರಿಯಲ್ಲಿ ತಳ್ಳುಗಾಡಿಯ ಮೇಲೆ ಕೂರಿಸಿಕೊಂಡು ಹೋಗಬೇಕೆಂದರೆ ಅರ್ಧ ದಿನ ಹಾಳು, ಕುಲುಕಾಟಕ್ಕೆ ಮುದುಕಿಯ ಜೀವ ಹೈರಾಣ. ಸೇತುವೆಯಾದರೆ ಕೋಲೂರಿಕೊಂಡು ತಾನೇ ನಡೆದುಹೋಗುತ್ತೇನೆ ಎಂದು ಅಮ್ಮ ದಿನ ಎಣಿಸುತ್ತಿದ್ದಳು.

ಕಚೇರಿ ಕೊಟ್ಟ ಐವತ್ತನಾಲ್ಕು ಹಲಗೆಗಳನ್ನೂ ಜಡಿದಾಯಿತು. ಆಸ್ಪತ್ರೆ ದಂಡೆಗೆ ಇನ್ನೇನು ಮುಟ್ಟಬೇಕು ಎನ್ನುವಲ್ಲಿ ಎರಡೂವರೆ ಅಡಿ ಬಾಯಿ ತೆರೆದುಕೊಂಡಿತ್ತು, ಕೆಳಗೆ ಆಳದ ನೀರು. ಬಡಗಿ ಗುಮಾಸ್ತನ ಬಳಿ ಹೋದ.

"ಸಾರ್, ಇನ್ನೆರಡು ಹಲಗೆ ಬೇಕಿತ್ತು."

"ಯಾಕೆ?"

"ಏಳೆಂಟ್ಲ ಐವತ್ತಾರು ಅಲ್ವಾ ಸಾರ್?"

ಗುಮಾಸ್ತ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದ. "ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀಯಾ?"

"ಎಲ್ಲರಿಗೂ ಗೊತ್ತಿರೋದೇ ಅಲ್ವಾ?"

"ಗೊತ್ತಿರೋದು ಬೇರೆ, ಹೇಳೋದು ಬೇರೆ ಕಣಯ್ಯಾ" ಎಂದು ಗುಮಾಸ್ತ ಅವನನ್ನು ಆಯುಕ್ತರ ಮುಂದೆ ನಿಲ್ಲಿಸಿದ.

ಆಯುಕ್ತರು ಸೌಮ್ಯ ಸ್ವಭಾವದವರು. "ನಾಯಕರು ತಪ್ಪು ಬರೆದಿದ್ದಾರೆ ಅಂತ ನಿನ್ನ ಅಭಿಪ್ರಾಯಾನಾ?" ಎಂದು ಕೇಳಿದರು.

"ಹೌದು ಸಾರ್. ಅವರೇ ಇದ್ದಿದ್ರೆ ನಕ್ಕುಬಿಟ್ಟು ತಿದ್ಕೋತಿದ್ರು."

"ಅವರು ಇಲ್ಲವಲ್ಲಪ್ಪಾ. ಬದುಕಿದ್ದಾಗ ತಪ್ಪು ಮಾಡೋ ಸ್ವಾತಂತ್ರ್ಯ ಅವರಿಗಿತ್ತು. ಈಗ ಅವರು ನಮ್ಮ ಸುಪರ್ದಿನಲ್ಲಿದ್ದಾರೆ."

ಆದರೂ ಪ್ರಜೆಯ ಅಹವಾಲನ್ನು ಕಡೆಗಣಿಸಬಾರದೆಂದು ಐವರು ಪ್ರಾಧ್ಯಾಪಕರ ಸಮಿತಿ ನೇಮಕವಾಯಿತು. ಸಮಿತಿಯು ಏಳು ತಿಂಗಳು ಅಧ್ಯಯನ ನಡೆಸಿ ಅವಿರೋಧವಾಗಿ ಹೀಗೆ ವರದಿ ನೀಡಿತು: "ನಾಯಕರು ಏಳನ್ನು ಎಂಟರಿಂದ ಗುಣಿಸಿದಾಗ ಐವತ್ತನಾಲ್ಕು ಬಂದಿರುವುದು ದಾಖಲೆಗಳಿಂದ ದೃಢಪಟ್ಟಿರುತ್ತದೆ. ಸಾಮಾನ್ಯ ನಾಗರಿಕರಿಗೆ ಐವತ್ತಾರು ಬರುತ್ತಿರುವುದು ಅಭ್ಯಾಸಬಲದಿಂದ. ಐವತ್ತಾರು ಎಂಬ ಸಂಖ್ಯೆಯನ್ನು ರದ್ದುಪಡಿಸುವ ಅಗತ್ಯವಿಲ್ಲ. ಆದರೆ ಇನ್ನು ಮುಂದೆ ಅದು ಏಳೆಂಟರ ದಾರಿಯಿಂದ ಬರತಕ್ಕದ್ದಲ್ಲ."

ಶಾಲೆಗಳಿಗೆ ಸುತ್ತೋಲೆ ಹೋಯಿತು. ಐವತ್ತಾರು ಎಂದ ಮಕ್ಕಳನ್ನು ಹೊಡೆಯಕೂಡದು, ಪುನರಾಲೋಚನೆಗೆ ಹತ್ತು ನಿಮಿಷ ಕೊಡತಕ್ಕದ್ದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಲಾಗಿತ್ತು. ಮಕ್ಕಳು ಜಾಣರು, ಹೆಚ್ಚಿನವರು ಐದೇ ನಿಮಿಷಕ್ಕೆ ಎದ್ದು ನಿಂತರು.

ಸೇತುವೆಯ ಉದ್ಘಾಟನೆಗೆ ಮಂತ್ರಿಗಳು ಬಂದರು. ಸೇತುವೆ ಶುರುವಾಗುವಲ್ಲಿ ನೆಟ್ಟ ಕಲ್ಲಿನಲ್ಲಿ "ತಪ್ಪಿದ್ದರೆ ಹೇಳಿ" ಎಂಬ ನಾಯಕರ ನುಡಿಯನ್ನು ಬಂಗಾರದ ಬಣ್ಣದಲ್ಲಿ ಕೆತ್ತಿಸಿ, ಪಕ್ಕದಲ್ಲಿ "ಮಾತನಾಡಬಾರದು" ಎಂಬ ಫಲಕ ನಿಲ್ಲಿಸಲಾಗಿತ್ತು. ಮಂತ್ರಿಗಳು ಗಂಭೀರವಾಗಿ ಐವತ್ತನಾಲ್ಕು ಹಲಗೆ ನಡೆದು, ಕೊನೆಯಲ್ಲಿ ಕೆಳಗೆ ನೋಡಿ, ಪ್ಯಾಂಟು ಮೇಲೆತ್ತಿಕೊಂಡು ಹಾರಿದರು. "ಪ್ರತಿಯೊಬ್ಬ ಪ್ರಜೆಯೂ ಜಿಗಿಯಬೇಕು ಅನ್ನೋದೇ ನಾಯಕರ ಕನಸಾಗಿತ್ತು" ಎಂದರು. ಚಪ್ಪಾಳೆ ಬಿತ್ತು. ಮಂತ್ರಿಗಳ ಹಿಂದೆ ಅಧಿಕಾರಿಗಳು ದರ್ಜೆಯ ಪ್ರಕಾರ ಹಾರಿದರು.

ಅಮ್ಮ ಕೋಲೂರಿಕೊಂಡು ಅಂಚಿನವರೆಗೆ ಬಂದವಳು ಅಲ್ಲೇ ನಿಂತಳು. "ಮಗಾ, ನನ್ನ ಕೈಲಿ ಹಾರಕ್ಕಾಗಲ್ಲ ಕಣೋ" ಎಂದಳು. ಬಡಗಿ ಅವಳನ್ನು ಮನೆಗೆ ಕರೆದುಕೊಂಡು ಹೋದ. ಮಾರನೆಯ ಬೆಳಿಗ್ಗೆ ತನ್ನ ಮಂಚವನ್ನೇ ಬಿಚ್ಚಿ ಎರಡು ಹಲಗೆ ಜಡಿದ. ಮಧ್ಯಾಹ್ನದೊಳಗೆ ಕಚೇರಿಯವರು ಬಂದು, ಎರಡು ಅಪರಿಚಿತ ಹಲಗೆಗಳು ಪತ್ತೆಯಾಗಿವೆಯೆಂದು ಮಹಜರು ಮಾಡಿ ಕಿತ್ತುಕೊಂಡು ಹೋದರು. ಬಡಗಿ ನೆಲದ ಮೇಲೆ ಮಲಗಿದ.

ಕಚೇರಿಗೆ ಹೃದಯವಿಲ್ಲವೆಂದು ಯಾರೂ ಭಾವಿಸಬಾರದು. ವೃದ್ಧರ ತೊಂದರೆಯನ್ನು ಮನಗಂಡು "ಜಿಗಿತ ಸಹಾಯಕ" ಎಂಬ ಕಾಯಂ ಹುದ್ದೆಯೊಂದನ್ನು ಸೃಷ್ಟಿಸಲಾಯಿತು. ಜಿಗಿಯಲಾರದವರನ್ನು ಎತ್ತಿ ಆಚೆ ದಾಟಿಸುವುದು, ಬೇರಾರೂ ಎತ್ತದಂತೆ ನೋಡಿಕೊಳ್ಳುವುದು ಅವನ ಕರ್ತವ್ಯ. ತೋಳಿನಲ್ಲಿ ಬಲವಿರಬೇಕು, ಲಿಖಿತ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ.

ಬಡಗಿ ಆ ಪ್ರಶ್ನೆಯ ಮುಂದೆ ಬಹಳ ಹೊತ್ತು ಕೂತ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಮನುಷ್ಯ ನೆನಪಾಗಿ ಕಣ್ಣು ಮಂಜಾಯಿತು. ಮಂಗಳವಾರ ಅಮ್ಮನಿಗೆ ಪಟ್ಟಿ ಕಟ್ಟಿಸಬೇಕಾದದ್ದೂ ನೆನಪಾಯಿತು. ಐವತ್ತನಾಲ್ಕು ಎಂದು ಬರೆದುಕೊಟ್ಟು ಎದ್ದು ಬಂದ. ನೂರಕ್ಕೆ ನೂರು ಅಂಕ ಬಂತು.

ಈಗ ಬಡಗಿಗೆ ಸಮವಸ್ತ್ರವಿದೆ, ಸೀಟಿ ಇದೆ, ನೆರಳಿಗೊಂದು ಕೊಡೆಯಿದೆ. ಜನ ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಾರೆ. ಮುದುಕರು ಸಾಲಿನಲ್ಲಿ ನಿಲ್ಲುತ್ತಾರೆ, ಅವನು ಒಬ್ಬೊಬ್ಬರನ್ನೇ ಕೂಸಿನಂತೆ ಎತ್ತಿ ದಾಟಿಸುತ್ತಾನೆ. ಅಮ್ಮನಿಗೆ ಮಾತ್ರ ಸಾಲಿಲ್ಲ.

ಕಳೆದ ಮಂಗಳವಾರ ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರ್ ಹುಡುಗಿಯೊಬ್ಬಳು ಎರಡು ಹಲಗೆ, ಒಂದು ಹಿಡಿ ಮೊಳೆ ತಂದಳು. "ಯಜಮಾನ್ರೇ, ಸ್ವಲ್ಪ ಈ ಕಡೆ ಬನ್ನಿ. ಹತ್ತು ನಿಮಿಷದ ಕೆಲಸ, ಮುಚ್ಚಿಬಿಡ್ತೀನಿ" ಎಂದಳು.

ಬಡಗಿ ಹಲಗೆಗಳ ಮೇಲೆ ಕೈಯಾಡಿಸಿದ. ಒಳ್ಳೆ ಮರ, ಅಳತೆಯೂ ಕೂದಲಷ್ಟು ಹೆಚ್ಚುಕಡಿಮೆಯಿಲ್ಲ. ಆಮೇಲೆ ಜೋರಾಗಿ ಸೀಟಿ ಊದಿದ.

"ತಲೆಗಿಲೆ ಕೆಟ್ಟಿದೆಯೇನಮ್ಮಾ ನಿಂಗೆ? ಇಲ್ಲಿ ಹಲಗೆ ಹಾಕಿಬಿಟ್ರೆ ನಮ್ಮಮ್ಮನ್ನ ಆ ಕಡೆಗೆ ಎತ್ತಿ ದಾಟಿಸೋರು ಯಾರು?"

ಹುಡುಗಿ ಹಲಗೆಗಳನ್ನು ಕೆಳಗಿಟ್ಟಳು. ಸಾಲಿನಲ್ಲಿದ್ದ ಮುದುಕರೆಲ್ಲ, "ಅದೂ ಸರಿನೇ ಅಲ್ವಾ" ಎಂದು ತಲೆಯಾಡಿಸಿದರು. ಅಮ್ಮ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಎರಡೂ ಕೈ ಮೇಲೆತ್ತಿದಳು, ಮಗ ಎತ್ತಿಕೊಂಡ.