ಸೆನ್ಸರಿಗೆ ಹಚ್ಚಿದ ವಿಭೂತಿ

ಪೀಣ್ಯದಲ್ಲಿ ಡೀಸೆಲ್ ಗಾಡಿಗಳ ಕೆಲಸಕ್ಕೆ ಸೇರಿದ ಮೇಲೆ ನಾನು ನಗುವುದಕ್ಕೆಂದು ಬೇರೆ ಹೊತ್ತು ಇಟ್ಟುಕೊಂಡಿಲ್ಲ. ಬಾನೆಟ್ ಎತ್ತಿದರೆ ಸಾಕು, ಭಗವಂತ ಅಲ್ಲಿ ಏನಾದರೊಂದು ಇಟ್ಟೇ ಇರುತ್ತಾನೆ. ಒಂದೇ ಬಸ್ಸಿನಿಂದ ನಾಲ್ಕು ದಿನದಲ್ಲಿ ಆದದ್ದನ್ನಷ್ಟೇ ಈಗ ಹೇಳುತ್ತೇನೆ.

ಕಣ್ಣು ಬಿದ್ದ ಬಸ್ಸು

ಶುಕ್ರವಾರ ಬೆಳಿಗ್ಗೆ ಒಂದು ಸ್ಟಾಫ್ ಬಸ್ಸು ನಮ್ಮ ವರ್ಕ್‌ಶಾಪಿಗೆ ಬಂತು. ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ, ಕರಿದಾರ, ಹಳೇ ಚಪ್ಪಲಿ ಎಲ್ಲ ನೇತಾಡುತ್ತಿದ್ದವು. ನಂಬರ್ ಪ್ಲೇಟು ಮಾತ್ರ ಕಾಣುತ್ತಿರಲಿಲ್ಲ.

ಡ್ರೈವರು ವಿಜಯಪುರದ ಕಡೆಯವನು. "ಕಾಕಾ, ಏರು ಬಂದ್ರ ಗಾಡಿ ಎಳಿಯಂಗಿಲ್ರಿ. ಯಾರೋ ಕಣ್ಣು ಹಾಕ್ಯಾರ. ಸೋಮವಾರ ಕಂಪನಿ ಸಾಹೇಬ್ರು ತಾವs ಬಸ್ ಹತ್ತಿ ನೋಡ್ತಾರಂತ. ಅವತ್ತು ಲೇಟಾದ್ರ ನನ್ನ ಬಸ್ ತಗದು ಬ್ಯಾರೆ ಬಸ್ ಹಾಕ್ತಾರ" ಅಂದ. ಅವನ ಮುಖ ನೋಡಿ ನನಗೆ ಪಾಪ ಅನ್ನಿಸಿತು.

ಬಾನೆಟ್ ಎತ್ತಿ ನೋಡಿದರೆ ಬೂಸ್ಟ್ ಸೆನ್ಸರಿನ ಮೂತಿಗೆ ಎಣ್ಣೆಮಸಿ ಮೆತ್ತಿಕೊಂಡಿತ್ತು. ಅವನಿಗೆ ತಿಳಿಯುವ ಹಾಗೆ ಹೇಳಿದೆ: "ನೋಡಪ್ಪಾ, ಟರ್ಬೊ ಎಂಜಿನ್ನಿಗೆ ಗಾಳಿ ತುಂಬುತ್ತೆ. ಆ ಗಾಳಿಯ ಒತ್ತಡ ಎಷ್ಟು ಅಂತ ನೋಡಿ ಹೇಳೋದು ಈ ಸೆನ್ಸರು. ಇದು ಹೇಳಿದ್ದಕ್ಕೆ ತಕ್ಕಂತೆ ಕಂಪ್ಯೂಟರ್ರು ಡೀಸೆಲ್ ಬಿಡುತ್ತೆ. ಮಠದ ಊಟದಲ್ಲಿ ಪಂಕ್ತಿ ನೋಡಿ ಬಂದವನು ಹತ್ತೇ ಜನ ಅಂದ್ರೆ, ನೂರು ಜನ ಕೂತಿದ್ರೂ ಒಳಗಿನಿಂದ ಹತ್ತು ಎಲೆಗೇ ಅನ್ನ ಬರುತ್ತೆ. ಗಾಳಿ ಬೇಕಾದಷ್ಟಿದೆ, ಇದು ಕಡಿಮೆ ಅಂತ ಹೇಳ್ತಿದೆ. ಅದಕ್ಕೇ ಡೀಸೆಲ್ ಕಡಿಮೆ, ಎಳೆತ ಇಲ್ಲ."

ಅವನು ಬಗ್ಗಿ ಸೆನ್ಸರನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಹೇಳಿದ: "ಹೊರಗಿನವ್ರ ಕಣ್ಣು ಅಂತ ಎಷ್ಟು ನಿಂಬಿಹಣ್ಣು ಕಟ್ಟೀನ್ರಿ ಕಾಕಾ! ಚಾಡಿ ಹೇಳಾವ ಮನಿಯೊಳಗs ಕುಂತಾನ."

ಮೂರು ಕಡ್ಡಿ

ಸೆನ್ಸರ್ ಬಿಚ್ಚಿ ತೊಳೆದು ಹಾಕಿದೆ. ತುಮಕೂರು ರಸ್ತೆಯಲ್ಲಿ ಒಂದು ಸುತ್ತು ಓಡಿಸಿದೆವು, ಗಾಡಿ ಚೆನ್ನಾಗಿ ಎಳೆಯಿತು. ಕಳಿಸುವಾಗ ಅಭ್ಯಾಸಬಲದಿಂದ ಒಂದು ಮಾತು ಹೇಳಿದೆ: "ದೇವರಿಗೊಂದು ಪೂಜೆ ಮಾಡಿಬಿಟ್ಟು ಗಾಡಿ ತೆಗಿಯಪ್ಪಾ."

ಭಾನುವಾರ ಮಧ್ಯಾಹ್ನ ಅದೇ ಬಸ್ಸು ಕುಂಟುತ್ತಾ ಬಂತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಬೇರೆ ಉರಿಯುತ್ತಿತ್ತು. ಸೆನ್ಸರಿನ ವೈರು ಕೂರುವ ಪ್ಲಗ್ಗನ್ನು ಎಳೆದು ನೋಡಿದೆ. ಒಳಗೆ ಕೂದಲಿನಷ್ಟು ಸಣ್ಣ ಮೂರು ಕಡ್ಡಿ, ಮೂರಕ್ಕೂ ಅಚ್ಚುಕಟ್ಟಾಗಿ ವಿಭೂತಿ.

"ಏನಯ್ಯಾ ಇದು?"

"ನೀವs ಅಂದ್ರಲ್ರಿ, ಪೂಜಿ ಮಾಡು ಅಂತ. ಹೊರಗ ಹಚ್ಚಿದ್ರ ಗಾಳಿಗೆ ಹಾರಿ ಹೋಗ್ತದ. ಅದಕ್ಕs ಬಿಚ್ಚಿ ಒಳಗ ಹಚ್ಚೀನಿ. ಮೂರs ಕಡ್ಡಿ ಇದ್ವು, ನನಗೂ ಚಲೋ ಅನಿಸ್ತು."

ಬೈಯಲು ಬಾಯಿ ಬರಲಿಲ್ಲ. ವಿಭೂತಿಯನ್ನು ಕೊಳಕು ಬಟ್ಟೆಯಲ್ಲಿ ಒರೆಸಲು ಕೈಯೂ ಬರಲಿಲ್ಲ. ಚಪ್ಪಲಿ ಕಳಚಿಟ್ಟು, "ತಪ್ಪಾಯ್ತು ಸ್ವಾಮಿ" ಎಂದು ಬೆರಳ ತುದಿಯಲ್ಲಿ ತೆಗೆದು ನನ್ನ ಹಣೆಗೆ ಹಚ್ಚಿಕೊಂಡೆ. ಕಡ್ಡಿಗೆ ವೈರು ಸರಿಯಾಗಿ ಮುಟ್ಟಲಿ ಎಂದು ಉಳಿದ ಪುಡಿಗೆ ತೊಳೆಯುವ ಸ್ಪ್ರೇ ಹೊಡೆದೆ. ಅಷ್ಟರಲ್ಲಿ ನಮ್ಮ ವರ್ಕ್‌ಶಾಪಿನ ಓನರು ಬಂದರು.

"ಏನ್ರೀ, ಮಧ್ಯಾಹ್ನದ ಹೊತ್ತಲ್ಲಿ ಹಣೆ ತುಂಬಾ ವಿಭೂತಿ? ಯಾವ ದೇವಸ್ಥಾನಕ್ಕೆ ಹೋಗಿದ್ರಿ?"

"ಎಲ್ಲಿಗೂ ಇಲ್ಲ ಸಾರ್. ಎಂಜಿನ್ನಲ್ಲೇ ಸಿಕ್ತು."

ಸಮಯಕ್ಕೆ ಬಂದ ಬಸ್ಸು

ಸೋಮವಾರ ಡ್ರೈವರು ನನ್ನನ್ನೂ ಬಲವಂತವಾಗಿ ಹತ್ತಿಸಿಕೊಂಡ. ದಾಸರಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ನನ್ನ ಬಾಯಲ್ಲಿ ದೇವರ ನಾಮ, ಅವನ ಬಾಯಲ್ಲಿ ನನ್ನ ನಾಮ.

ಕಂಪನಿಯ ಸಾಹೇಬರು ವಾಚು ಹಿಡಿದು ಮುಂದಿನ ಸೀಟಿನಲ್ಲೇ ಕೂತರು. ಹೊಸಬರು, ಬಲು ಶಿಸ್ತು. ಹೊರಟ ಕೂಡಲೇ ಡ್ರೈವರನ ಫೋನ್ ಆಫ್ ಮಾಡಿಸಿದರು. ಮೊದಲನೇ ಸ್ಟಾಪಿನಲ್ಲಿ ಒಬ್ಬರೂ ಇಲ್ಲ.

"ಸಾಹೇಬ್ರ, ಎರಡು ನಿಮಿಷ ನಿಲ್ಲಿಸ್ಲ್ಯಾ?"

"ಲೇಟ್ ಮಾಡೋದೇ ನಿಂಗೆ ಅಭ್ಯಾಸ. ಟೈಮ್ ಆಯ್ತು, ಹೊರಡು."

ಎರಡನೇ ಸ್ಟಾಪಿನಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. "ಶಿಸ್ತಿಲ್ಲದ ಜನ. ಅವರಿಗೂ ಒಂದು ಪಾಠ ಆಗ್ಲಿ, ಹೊರಡು" ಅಂದರು ಸಾಹೇಬರು.

ಹೊಸೂರು ರಸ್ತೆಯ ಮೇಲ್ಸೇತುವೆಯನ್ನು ಬಸ್ಸು ಹೋರಿಯ ಹಾಗೆ ಹತ್ತಿತು. ನನ್ನ ಕೈಗುಣಕ್ಕೆ ನಾನೇ ಬೀಗಿದೆ. ಖಾಲಿ ಬಸ್ಸು ಹತ್ತದೆ ಇನ್ನೇನು ಮಾಡುತ್ತದೆ ಎಂಬುದು ಆಮೇಲೆ ಹೊಳೆಯಿತು.

ಗೇಟು ತಲುಪಿದಾಗ ಇನ್ನೂ ಹತ್ತು ನಿಮಿಷ ಬಾಕಿಯಿತ್ತು. ಬಸ್ಸಿನಿಂದ ಇಳಿದವರು ಮೂರು ಜನ: ಡ್ರೈವರು, ಸಾಹೇಬರು, ನಾನು. ಡ್ರೈವರು ಫೋನ್ ಆನ್ ಮಾಡಿದ್ದೇ ತಡ, ಅದು ಹೊಡೆದುಕೊಳ್ಳಲು ಶುರುಮಾಡಿತು. ಒಬ್ಬ ಹೆಣ್ಣುಮಗಳ ದನಿ ನಮಗೆಲ್ಲ ಕೇಳಿಸಿತು.

"ಅಣ್ಣಾ, ಎಲ್ಲಿದ್ದೀರಾ?"

"ಕಂಪನಿ ಗೇಟಿನ್ಯಾಗ ಅದೀನ್ರಿ ಅಕ್ಕಾರ."

"ಹಿಂಗ್ಯಾಕೆ ಮಾಡಿದ್ರಿ ಅಣ್ಣಾ! ದಿನಾ ಕಾಲುಗಂಟೆ ಲೇಟಾಗಿ ಬರ್ತೀರಾ ಅಂತ ನಂಬ್ಕೊಂಡೇ ಅಲ್ವಾ ನಾನು ಮಗೂಗೆ ತಲೆ ಬಾಚಿ ಬರೋದು? ಇಲ್ಲಿ ಎಲ್ಲಾರೂ ರೋಡಲ್ಲೇ ನಿಂತಿದ್ದೀವಿ!"

ಸಾಹೇಬರು ಸಿಟ್ಟಿನಿಂದ ಫೈಲು ತೆಗೆದು ದೂರು ಬರೆಯುವ ಹಾಳೆ ಎಳೆದರು. ಅದರಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಬಸ್ಸು ಎಷ್ಟು ನಿಮಿಷ ತಡ? ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೇರೇನೂ ಇರಲಿಲ್ಲ. ಕೊನೆಗೆ 'ಸೊನ್ನೆ' ಎಂದು ಬರೆದು ಸಹಿ ಹಾಕಿದರು. ಡ್ರೈವರನಿಗೆ ಹೋದ ಜೀವ ಬಂತು.

ಆಮೇಲೆ ಸಾಹೇಬರು ಅತ್ತಿತ್ತ ನೋಡಿ, ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಗುರು, ನಾಳೆಯಿಂದ ಮೊದಲಿನ ಥರಾನೇ ಬಾ."