ವಿಷಮುಕ್ತ ಮನೆಯಲ್ಲೊಂದು ಕೆಂಪು ತೊಟ್ಟಿಲು

ಡಬ್ಬಿಯ ಮೇಲೆ ಬರೆದದ್ದನ್ನು ಓದದೆ ಮುಚ್ಚಳ ತೆಗೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ದುರದೃಷ್ಟಕ್ಕೆ ನಮ್ಮ ಮನೆಯಲ್ಲಿ ಅಂಥವರು ಇಬ್ಬರಿದ್ದಾರೆ. ಒಬ್ಬಳು ನನ್ನನ್ನು ಹೆತ್ತವಳು, ಇನ್ನೊಬ್ಬಳು ಕಟ್ಟಿಕೊಂಡವಳು. (ಮೂರನೆಯವಳು ಮಗಳು ಧನ್ಯಾ. ಏಳು ತಿಂಗಳ ಕೂಸು. ಓದು ಬಾರದಿರುವುದಕ್ಕೆ ಅವಳಿಗೊಂದು ಸಬೂಬಾದರೂ ಇದೆ.)

ಹೆರಿಗೆಗೆಂದು ಬಾಡ ಎಂಬ ಊರಿನ ತವರಿಗೆ ಹೋಗಿದ್ದ ನನ್ನ ಹೆಂಡತಿ ವೀಣಾ ಮಗುವನ್ನೆತ್ತಿಕೊಂಡು ಕಾಸರಕೋಡಿಗೆ ಮರಳುವಷ್ಟರಲ್ಲಿ ನಾನು ಶಿಶುಪಾಲನೆಯಲ್ಲಿ ಮಹಾಪಂಡಿತನಾಗಿದ್ದೆ. ದೋಣಿಗಳಿಗೆ ಬಣ್ಣ ಬಳಿಯುವುದು ನನ್ನ ಕಸುಬು. ಮೀನುಗಾರಿಕೆ ನಿಷೇಧದ ತಿಂಗಳುಗಳಲ್ಲಿ ದೋಣಿಗಳೆಲ್ಲ ದಡಕ್ಕೆ ಬರುತ್ತವೆ, ಆಗಲೇ ನಮಗೆ ಕೈತುಂಬ ಕೆಲಸ. ಆದರೆ ಮಳೆ ಹಿಡಿದರೆ ಬಣ್ಣ ಒಣಗುವುದಿಲ್ಲ. ಒಣಗುವ ತನಕ ತಾಡಪತ್ರಿಯ ಕೆಳಗೆ ಕೂತು ಮೊಬೈಲು ನೋಡಬೇಕು. ಪೌಡರಿನಲ್ಲಿ ಏನಿದೆ, ಪ್ಲಾಸ್ಟಿಕ್ಕಿನಲ್ಲಿ ಏನಿದೆ, ಕಾಡಿಗೆಯಲ್ಲಿ ಏನಿದೆ ಎಂದು ಒಂದೊಂದೇ ವೀಡಿಯೊ ನೋಡುತ್ತ ನೋಡುತ್ತ ನನಗೆ ಊಟ ಸೇರದಂತಾಯಿತು.

ಹೆಂಡತಿ ಬಂದ ದಿನವೇ ಬಾಗಿಲಿಗೆ 'ವಿಷಮುಕ್ತ ಗೃಹ ನಿಯಮಾವಳಿ' ಅಂಟಿಸಿದೆ. ನಿಯಮ ಇದ್ದದ್ದು ಒಂದೇ: 'ವಾಸನೆ ಬರುವುದು, ಬಣ್ಣ ಬಿಡುವುದು, ಲೇಬಲ್ ಇಲ್ಲದ್ದು ಈ ಹೊಸ್ತಿಲು ದಾಟತಕ್ಕದ್ದಲ್ಲ.'

ಹೊರಹಾಕುವ ಸಾಮಾನಿನ ಬುಟ್ಟಿಗೆ ಮೊದಲು ಹೋದದ್ದು ಕುಮಟೆಯ ಅತ್ತಿಗೆ ಉಮಾ ಕೊಟ್ಟ ಪೌಡರು. ಅದರ ಹಿಂದೆಯೇ ಗುಲಾಬಿ ಬಣ್ಣದ ಗಿಲಕಿ. ಆಮೇಲೆ ಅಮ್ಮ ತಾನೇ ದೀಪ ಹಚ್ಚಿ ಹಿಡಿದ ಕಾಡಿಗೆ.

"ನಿನ್ನ ಕಣ್ಣಿಗೂ ಇದೇ ಹಚ್ಚಿದ್ದು ನಾ. ಎಂತ ಆತು ನಿಂಗೆ?" ಅಮ್ಮ ಕೇಳಿದಳು.

"ಆದದ್ದು ಕಾಣ್ತೇ ಇದೆಯಲ್ಲ ಅತ್ತೆ," ಎಂದಳು ವೀಣಾ.

ನಾನು ಇಂಥ ಮಾತಿಗೆಲ್ಲ ಕಿವಿಗೊಡಲಿಲ್ಲ. ಮಗುವಿನ ಸೋಪಿನ ಮೇಲಿದ್ದ ಇಪ್ಪತ್ತಮೂರು ಹೆಸರುಗಳನ್ನು ಗಟ್ಟಿಯಾಗಿ ಓದಿದೆ. ಒಂದೂ ಅರ್ಥವಾಗಲಿಲ್ಲ. ಅರ್ಥವಾಗದ್ದು ಮಗುವಿನ ಮೈಗೆ ಯಾಕೆ ಎಂದು ಅದನ್ನೂ ಬುಟ್ಟಿಗೆ ಹಾಕಿದೆ. ಅಮ್ಮ ಖುಷಿಯಿಂದ ಹೆಸರುಹಿಟ್ಟು ತಂದಳು. ಹಿಟ್ಟಿನ ಡಬ್ಬಿಗೆ ಲೇಬಲ್ ಎಲ್ಲಿ ಎಂದೆ. ಮನೆಯ ತೆಂಗಿನೆಣ್ಣೆಗೂ ಲೇಬಲ್ ಕೇಳಿದಾಗ ಅಮ್ಮ ಒಂದು ಸಿಪ್ಪೆಗಾಯಿ ತಂದು ನನ್ನ ಮಡಿಲಿಗೆ ಹಾಕಿ, "ತಿರುಗಿಸಿ ತಿರುಗಿಸಿ ನೋಡು. ಎಲ್ಲಾದ್ರೂ ಬರೆದಿರೂಕೆ ಸಾಕು," ಎಂದಳು.

ಹತ್ತನೆಯ ದಿನ ವೀಣಾಳ ತಾಳ್ಮೆ ಮುಗಿಯಿತು. "ಇನ್ನೊಂದೇ ಒಂದು ಸಾಮಾನು ಹೊರಗೆ ಹಾಕಿ ನೋಡುವಾ. ನಾನೂ ಮಗುವೂ ಬಾಡದ ಬಸ್ಸು ಹತ್ತೂದೇ."

ಅವಳ ಕಣ್ಣಲ್ಲಿ ತಮಾಷೆ ಇರಲಿಲ್ಲ. ಆರು ತಿಂಗಳು ಮಗಳ ಮುಖವನ್ನು ಮೊಬೈಲಿನಲ್ಲೇ ನೋಡಿದವನು ನಾನು. ಇನ್ನೊಮ್ಮೆ ಅವಳು ಹೋದರೆ ನನ್ನ ಗತಿಯೇನು? ಆದರೂ ಮಣಿಯಲು ಮನಸ್ಸು ಒಪ್ಪಲಿಲ್ಲ.

"ನಾಳೆ ಮಗು ತೂಕ ಮಾಡೂಕೆ ಆಸ್ಪತ್ರೆಯ ಮಾಲಿನಿ ಮೇಡಂ ಬರ್ತಾರಲ್ಲ, ಅವರೇ ಹೇಳಲಿ. ನನ್ನ ತಪ್ಪಿದ್ದರೆ ನಾನೇ ಹೊರಗೆ ಹೋಗ್ತೇನೆ," ಎಂದೆ. (ಈ ಮಾತಾಡುವಾಗ ನನ್ನ ನಾಲಿಗೆಗೆ ಏನಾಗಿತ್ತೋ ಕಾಣೆ.)

ನನ್ನ ಧೈರ್ಯಕ್ಕೆ ಕಾರಣ ತೊಟ್ಟಿಲು; ಅದನ್ನು ಕಂಡರೆ ಮೇಡಂ ನನ್ನ ಪರವೇ ಆಗುತ್ತಾರೆಂದು ನಂಬಿದ್ದೆ. ಅಜ್ಜ ಮಾಡಿಸಿದ ಹಲಸಿನ ಮರದ ತೊಟ್ಟಿಲು ಅದು. ಅಪ್ಪ ಮಲಗಿದ್ದ, ನಾನು ಮಲಗಿದ್ದೆ. ಮಗಳಿಗೆಂದು ನಾನೇ ಉಜ್ಜಿ ತೊಳೆದು, ಮೂರು ಕೈ ಬಣ್ಣ ಬಳಿದು ಕೆಂಪಗೆ ಮಿಂಚಿಸಿದ್ದೆ. ಆದರೆ ವೀಣಾ "ವಾಸನೆ" ಎಂದು ಮೂಗು ಮುರಿದು, ಮಗುವನ್ನು ಹಳೆ ಸೀರೆಯ ಜೋಲಿಯಲ್ಲೇ ಮಲಗಿಸುತ್ತಿದ್ದಳು. ಅದು ಹೊಸತಿನ ವಾಸನೆ ಎಂದರೂ ಕೇಳಲಿಲ್ಲ. ನನಗೆ ನಿಜಕ್ಕೂ ಬೇಜಾರಾಗಿತ್ತು.

ಮಾಲಿನಿ ಮೇಡಂ ಬಂದರು. ಮಗುವನ್ನು ತೂಗಿದರು, ನನ್ನ ಬುಟ್ಟಿಯಲ್ಲಿದ್ದದ್ದನ್ನು ಒಂದೊಂದಾಗಿ ನೋಡಿದರು. "ಪೌಡರು ಬೇಡ, ಉಸಿರಲ್ಲಿ ಒಳಗೆ ಹೋಗ್ತದೆ. ಕಣ್ಣಿಗೆ ಕಾಡಿಗೆಯೂ ಬೇಡ ಅಮ್ಮ. ಈ ಗಿಲಕಿ ಬಣ್ಣ ಬಿಡ್ತದೆ. ನಿಮ್ಮ ಮಗ ರಾಜೀವ ಹೇಳಿದ್ದು ಸರಿಯೇ ಇದೆ."

ನಾನು ಉಬ್ಬಿಹೋದೆ. ಗೆದ್ದವನು ಅಲ್ಲಿಗೇ ಸುಮ್ಮನಿರಬೇಕಿತ್ತು. "ಇದನ್ನೂ ನೋಡಿ ಮೇಡಂ," ಎಂದು ತೊಟ್ಟಿಲಿನ ಮುಂದೆ ನಿಂತೆ.

ಅವರು ಬಗ್ಗಿ ಮೂಸಿದರು. "ಯಾವ ಬಣ್ಣ ಇದು?"

ಕಾಸರಕೋಡಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ದೋಣಿಗೆ ಬಳಿದು ಉಳಿದ ಬಣ್ಣ ನಮ್ಮಲ್ಲಿ ಎಂದೂ ಹಾಳಾಗದು. ಕಿಟಕಿ, ಗೇಟು, ಬಾವಿಯ ರಾಟೆ ಎಲ್ಲಕ್ಕೂ ಅದೇ. ಮನೆಯ ಬಾಗಿಲು ನೋಡಿದರೆ ಯಜಮಾನ ಯಾವ ದೋಣಿಗೆ ಹೋಗುತ್ತಾನೆಂದು ಹೇಳಬಹುದು.

"ದೋಣಿಯ ತಳಕ್ಕೆ ಬಳಿಯೂದು ಮೇಡಂ. ಎಲ್ಲಕ್ಕಿಂತ ಭಾರಿ ಬಣ್ಣ! ಇದು ಹಚ್ಚಿದ್ರೆ ಒಂದು ವರ್ಷ ತಳಕ್ಕೆ ಚಿಪ್ಪುಹುಳ ಅಂಟೂದಿಲ್ಲ."

ಮೂಲೆಯಲ್ಲಿ ಕೂತಿದ್ದ ಅಮ್ಮ ತಲೆಯೆತ್ತಿದಳು. "ಯಾಕೆ ಅಂಟೂದಿಲ್ಲ?"

"ಅಂಟಿದ್ರೆ ಸತ್ತೇ ಹೋಗ್ತವೆ ಅಮ್ಮ!" ಎಂದೆ ಹೆಮ್ಮೆಯಿಂದ.

ನನ್ನ ಮಾತು ನನ್ನ ಕಿವಿಗೇ ಆಗ ಬಿತ್ತು.

ಅಮ್ಮ ಎದ್ದು ಹೋಗಿ ಜಗಲಿಯಡಿಯಿಂದ ಬಣ್ಣದ ಡಬ್ಬಿ ತಂದು ನನ್ನ ಕೈಗಿಟ್ಟಳು. "ಊರಿನ ಡಬ್ಬಿ ಎಲ್ಲ ಓದಿದೆ. ಇದನ್ನೂ ಓದು, ಗಟ್ಟಿಯಾಗಿ."

ಹನ್ನೆರಡು ವರ್ಷದಿಂದ ದಿನವೂ ಮುಚ್ಚಳ ತೆಗೆಯುತ್ತಿದ್ದ ಡಬ್ಬಿ. ಮೊದಲ ಸಲ ಓದಿದೆ. "ವಿಷಕಾರಿ. ಮಕ್ಕಳ ಕೈಗೆ ಸಿಗದಂತೆ ಇಡಿ." ಪಕ್ಕದಲ್ಲೊಂದು ತಲೆಬುರುಡೆ. ಓದು ಬಾರದವರಿಗೂ ಇರಲಿ ಎಂದು ಹಾಕಿದ್ದಿರಬೇಕು.

"ಮಗೂನ ಇದರಲ್ಲಿ ಮಲಗಿಸಿದ್ರಾ?" ಮೇಡಂ ಕೇಳಿದರು.

"ಒಂದು ದಿನವೂ ಇಲ್ಲ," ಎಂದಳು ವೀಣಾ.

ಆ ಕ್ಷಣ ಹೆಂಡತಿಯ ಹಟಕ್ಕೆ ಅಡ್ಡಬೀಳಬೇಕೆನಿಸಿತು. ಅಷ್ಟರಲ್ಲಿ ಮೇಡಂ ಕೆಂಪು ಬಣ್ಣ ಮೆತ್ತಿದ ನನ್ನ ಉಗುರುಗಳನ್ನು ನೋಡಿಬಿಟ್ಟರು.

"ಈ ಕೈಯಲ್ಲೇ ಮಗೂನ ಎತ್ತೂದಾ?"

"ಛೇ ಛೇ! ಬಣ್ಣ ಕರಗಿಸೂ ಥಿನ್ನರಿನಲ್ಲಿ ತಿಕ್ಕಿ ತೊಳೆದೇ ಎತ್ತೂದು ಮೇಡಂ."

ಮೇಡಂ ಹಣೆ ಹಿಡಿದುಕೊಂಡರು. ವೀಣಾ ಬಾಗಿಲ ಬಳಿ ಹೋಗಿ ನನ್ನದೇ ನಿಯಮಾವಳಿಯ ಮೇಲೆ ಬೆರಳಿಟ್ಟು, ಕಣ್ಣಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ವಾಸನೆ ಬರ್ತದೆ. ಬಣ್ಣ ಬಿಡ್ತದೆ."

"ಲೇಬಲ್ಲೂ ಇಲ್ಲ," ಎಂದಳು ಹೆತ್ತ ತಾಯಿ.

ತೊಟ್ಟಿಲನ್ನು ನಾನೇ ಹೊತ್ತು ದೋಣಿಯ ಶೆಡ್ಡಿಗೆ ಬಿಟ್ಟುಬಂದೆ. ಈಗ ಕೆಲಸ ಮುಗಿಸಿ ಬಂದರೆ ನನಗೆ ಜಗಲಿಯೇ ಗತಿ. ಹೊರಗಿನ ಬಚ್ಚಲಲ್ಲಿ ಸ್ನಾನವಾಗಿ, ಬಟ್ಟೆ ಬದಲಾಗಿ, ಅಮ್ಮನಿಂದ ಉಗುರು ತಪಾಸಣೆಯಾದ ಮೇಲೆಯೇ ಗೃಹಪ್ರವೇಶ. ಹೆಂಡತಿ ಬಾಡದ ಬಸ್ಸು ಹತ್ತುವುದು ತಪ್ಪಿತಲ್ಲ ಎಂದು ನಾನೂ ಬಾಯಿಮುಚ್ಚಿಕೊಂಡಿದ್ದೇನೆ.

ಮೊನ್ನೆ ಸಂಜೆ ಹಾಗೆಯೇ ಹೊಸ್ತಿಲಾಚೆ ಸರದಿ ಕಾಯುತ್ತ ಕೂತಿದ್ದೆ. ಮೇಡಂ ಮತ್ತೆ ತೂಕಕ್ಕೆ ಬಂದಿದ್ದರು. ಧನ್ಯಾ ನನ್ನನ್ನು ಕಂಡವಳೇ ಕೇಕೆ ಹಾಕಿ, ಅಂಬೆಗಾಲಿಟ್ಟು ಬಂದು, ನನ್ನ ಕೆಂಪು ಹೆಬ್ಬೆರಳಿಗೆ ಕೈ ಚಾಚಿ ಬಾಯಿ ತೆರೆದಳು. ನನ್ನ ಕಣ್ಣು ತುಂಬಿ ಬಂತು.

ಮೂವರು ಹೆಂಗಸರೂ ಒಟ್ಟಿಗೆ ಕೂಗಿದರು: "ಛೀ! ಅದು ಕಕ್ಕ! ಬಾಯಿಗೆ ಹಾಕ್ಬಾರ್ದು!"